ಎರಡನೆಯ ಕೊಡ ಸೇದಿ ನೋಡಿದವರು

ಕರುಣಾಳುವಾದ ದೇವರನ್ನು ನೆನೆದು, ಹೊಗಳುವ ಭರದಲ್ಲಿ ನನ್ನ ಮಾತು ಸುಳ್ಳಾಗದಿರಲಿ ಎಂದು ಬೇಡಿಕೊಂಡು ಆರಂಭಿಸುತ್ತೇನೆ.

ಮನುಷ್ಯನ ಮನಸ್ಸನ್ನು ಅರಿಯಹೊರಟ ಶಾಸ್ತ್ರದಲ್ಲಿ ಹೊಸದನ್ನು ಕಂಡೆನೆಂದು ಹೇಳಿದವರಿಗೆ ವೇದಿಕೆಯ ನಡುವಿನ ಕುರ್ಚಿ ಸಿಗುತ್ತದೆ. ಅವರು ಕಂಡದ್ದು ನಾಳೆಯೂ ಅಲ್ಲೇ ಇದೆಯೇ ಎಂದು ಮತ್ತೊಮ್ಮೆ ಹೋಗಿ ನೋಡಿಬಂದವರಿಗೆ ಬಾಗಿಲ ಬಳಿಯ ಬೆಂಚು. ಪ್ರೊಫೆಸರ್ ಮೂರ್ತಿನಿಂಗ್ರುಮ್ ಅವರು ನಲವತ್ತಮೂರು ವರ್ಷ ಆ ಬೆಂಚಿನ ಮೇಲೆ ನೆಟ್ಟಗೆ ಕುಳಿತವರು. ಎಪ್ಪತ್ತು ತುಂಬಿ ಈ ತಿಂಗಳು ಜಾವಾ ದ್ವೀಪದ ಜೋಗ್ಜಾ ನಗರದ ನಮ್ಮ ಮನಶ್ಶಾಸ್ತ್ರ ವಿಭಾಗದಿಂದ ನಿವೃತ್ತರಾಗುತ್ತಿರುವ ಇವರಿಗಿಂತ ಹೆಚ್ಚು ಪುಸ್ತಕ ಬರೆದವರಿದ್ದಾರೆ, ಹೆಚ್ಚು ದೇಶ ಸುತ್ತಿದವರಿದ್ದಾರೆ. ಆದರೆ ಒಬ್ಬರು ಮಾಡಿದ ಪ್ರಯೋಗವನ್ನು ಇನ್ನೊಬ್ಬರು ಹಾಗೆಯೇ ಮತ್ತೆ ಮಾಡಿ ನೋಡುವ ತನಕ ಅದರ ಫಲವನ್ನು ಮಕ್ಕಳ ತಲೆಯ ಮೇಲೆ ಹೊರಿಸಬಾರದು ಎಂಬ ಮಾತನ್ನು, ಅದು ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಹೇಳಿದ್ದಲ್ಲದೆ ಮಾಡಿಯೂ ತೋರಿಸಿದವರು ಈ ಕಡೆ ಇವರೊಬ್ಬರೇ ಎಂದರೆ ಉಳಿದ ಹಿರಿಯರು ಮುನಿಯಲಾರರು. ಹಾಗೆ ಮತ್ತೆ ಮಾಡಿ ನೋಡಿದಾಗ ಬಿದ್ದುಹೋದ ಪ್ರಯೋಗಗಳಲ್ಲಿ ಒಂದು ನನ್ನದು. ಆದ್ದರಿಂದಲೇ ಈ ಲೇಖನ ಬರೆಯುವ ಹಕ್ಕು ನನಗೆ ಬೇರೆಯವರಿಗಿಂತ ಒಂದು ಹಿಡಿ ಹೆಚ್ಚು ಎಂದು ಈ ಸನ್ಮಾನ ಗ್ರಂಥದ ಸಂಪಾದಕರಲ್ಲಿ ವಾದಿಸಿ ಪಡೆದುಕೊಂಡಿದ್ದೇನೆ.

‘ಬು’ ಎಂದರೆ ಅಮ್ಮ; ಬು ನಿಂಗ್ರುಮ್ ಎಂದೇ ನಾವೆಲ್ಲ ಕರೆಯುವ ಇವರು ಪುರ್ವೊರೆಜೊ ಕಡೆಯ ಸೂಲಗಿತ್ತಿಯೊಬ್ಬರ ಮಗಳು. ಆ ತಾಯಿ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆಯೆಂದು ಹೇಳಿದ ಮೇಲೆ ಎದ್ದು ಹೋಗಿ, ಕೈ ತೊಳೆದು ಬಂದು, ಏನೂ ಗೊತ್ತಿಲ್ಲದವರ ಹಾಗೆ ಮತ್ತೊಮ್ಮೆ ಇಟ್ಟು ನೋಡುತ್ತಿದ್ದರಂತೆ. ಯಾಕೆಂದು ಮಗಳು ಕೇಳಿದ್ದಕ್ಕೆ, "ಮೊದಲ್ನೇ ಸಲ ಕೈ ತನಗೆ ಬೇಕಾದ್ದನ್ನ ಹುಡುಕ್ತದೆ ಕಣೇ, ಎರಡನೇ ಸಲ ಅಲ್ಲಿರೋದನ್ನ ಹುಡುಕ್ತದೆ" ಎಂದಿದ್ದರಂತೆ. ಈ ಮಾತನ್ನು ಬು ತರಗತಿಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಮನೆಯ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಾ ಹೇಳಿದ್ದನ್ನು ಕೇಳಿದ್ದೇನೆ.

೧೯೮೨ರಲ್ಲಿ ವಿಭಾಗಕ್ಕೆ ಸೇರಿದ ಅವರು ಒಂಬತ್ತು ವರ್ಷದ ಮೇಲೆ ಮಾಡಿದ ಬಾತಿಕ್ ಹೆಂಗಸರ ಅಧ್ಯಯನ ಅವರಿಗೆ ಹೆಸರು ತಂದಿತು. ಬಿಸಿ ಮೇಣದಿಂದ ಬಟ್ಟೆಯ ಮೇಲೆ ಗೆರೆಯೆಳೆಯುವ ಹೆಂಗಸರು ತಮ್ಮಷ್ಟಕ್ಕೆ ಗುನುಗುತ್ತಾ ಕೆಲಸ ಮಾಡಿದರೆ ಮೇಣದ ಹನಿ ತಪ್ಪಿ ಬೀಳುವುದು ಅರ್ಧದಷ್ಟು ಕಡಿಮೆಯಾಗುತ್ತದೆ ಎಂಬ ಆ ಫಲಿತಾಂಶ ಪಠ್ಯಪುಸ್ತಕಗಳಿಗೆ ಹತ್ತಿ, ಅಲ್ಲಿಂದ ಕಾರ್ಖಾನೆಗಳಿಗೂ ಇಳಿಯಿತು. ಅದರ ಮೂಲ ಹಾಳೆಗಳನ್ನೆಲ್ಲ ಬು ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ತುಂಬಿ ಕಪಾಟಿನಲ್ಲಿಟ್ಟರು. ನಮ್ಮ ಕಡೆ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತು ಇರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು, ಅಕ್ಕಿಯ ಸಂಡಿಗೆಯಾದರೂ ಇದ್ದೀತು ಎಂದು ಆಸೆಯಿಂದ ಮುಚ್ಚಳ ತೆಗೆದವರಿಗೆ ಬು ಅವರ ಕೋಣೆಯಲ್ಲಿ ಸಿಗುತ್ತಿದ್ದದ್ದು ಹಳದಿಯಾದ ಉತ್ತರಪತ್ರಿಕೆ. "ಹಸಿದೋರಿಗೆ ಇದೂ ಊಟಾನೇ" ಎನ್ನುತ್ತಿದ್ದರು.

ನಾನು ಅವರ ಶಿಷ್ಯನಾಗಿ ಬಂದದ್ದು ಭೂಕಂಪವಾದ ವರ್ಷ. ಬಂದು ಎರಡು ವಾರಕ್ಕೆ ವಿದ್ಯಾರ್ಥಿನಿಲಯದ ಗೋಡೆ ಕುಸಿಯಿತು. ಬು ತಮ್ಮ ಅಂಗಳದಲ್ಲಿ ನೀಲಿ ತಾಡಪಾಲು ಕಟ್ಟಿಸಿ ನಮ್ಮಲ್ಲಿ ಹನ್ನೊಂದು ಜನರನ್ನು ನಲವತ್ತು ದಿನ ಇರಿಸಿಕೊಂಡರು. ಬೆಳಗಾದರೆ ಒಂದು ಸೌಟು ಗಂಜಿ, ಜೊತೆಗೆ ಅವೇ ಮೂರು ಪ್ರಶ್ನೆ: ನಿದ್ದೆ ಬಂತಾ, ಕನಸು ಬಿತ್ತಾ, ಎದೆ ಹೊಡ್ಕೊಂಡಿತಾ. ಹತ್ತನೆಯ ದಿನ ನಮ್ಮಲ್ಲೊಬ್ಬ, "ಬು, ನಿನ್ನೆ ಹೇಳಿದ್ದೇ ಇವತ್ತೂ ಬರ್ಕೊಳ್ಳಿ" ಎಂದ. ಬು ಸೌಟು ಎತ್ತಿ ಹಿಡಿದು, "ಹಂಗಾದ್ರೆ ನಿನ್ನೆ ಉಂಡಿದ್ದೇ ಇವತ್ತಿಗೂ ಸಾಕು ಬಿಡು" ಎಂದು ಮುಂದಿನವನ ತಟ್ಟೆಗೆ ಹೋದರು. ಅವನು ಮರುಮಾತಿಲ್ಲದೆ ಮೂರೂ ಪ್ರಶ್ನೆಗೆ ಉತ್ತರ ಕೊಟ್ಟು ಗಂಜಿ ಗಳಿಸಿದ.

ನನ್ನ ಊರು ಮೆನೊರೆಹ್ ಬೆಟ್ಟದ ಮೇಲೆ. ತೆಂಗಿನ ಹೊಂಬಾಳೆ ಸೀಳಿ ರಸ ಇಳಿಸಿ, ಕಾಯಿಸಿ ಬೆಲ್ಲ ಮಾಡುವ ಮನೆತನ. ಸಂಜೆಯಾದರೆ ಒಲೆಯ ಸುತ್ತ ಕೂತು ಕಥೆ ಹೇಳುತ್ತಿದ್ದ ಅಜ್ಜಿಯ ಒಂದು ಕಥೆ ಇಲ್ಲಿ ಬೇಕಾಗುತ್ತದೆ. ಒಬ್ಬ ರೈತ ಹೊಸ ಬಾವಿ ತೋಡಿ ಮೊದಲ ಕೊಡ ಸೇದಿ ಕುಡಿದ. ನೀರು ಜೇನಿನಂತೆ ಸಿಹಿ. ಊರಿಗೆಲ್ಲ ಸಾರಿದ. ದೂರದೂರಿಂದ ಜನ ಬಂದರು, ಬಾವಿಯ ಪಕ್ಕ ಅಂಗಡಿ ಎದ್ದಿತು, ರೈತನನ್ನು ಪುಣ್ಯವಂತನೆಂದರು. ಕೊನೆಗೆ ಒಬ್ಬ ಮುದುಕಿ ಬಂದು, ಎಲ್ಲರ ಮುಂದೆ ತನ್ನ ಕೊಡದಲ್ಲಿ ನೀರು ಸೇದಿ ಕುಡಿದು, ಏನೂ ಮಾತಾಡದೆ ರೈತನ ಕೊಡವನ್ನು ಮೂಸಿ ನೋಡಿದಳು. ಅಜ್ಜಿ ಇಲ್ಲಿಗೆ ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದಳು. "ಕೊಡದಲ್ಲಿ ಮುಂಚೆ ಏನಿತ್ತು ಹೇಳ್ರೋ?" ಬೆಲ್ಲದ ಮನೆಯ ಮಕ್ಕಳಿಗೆ ಉತ್ತರ ಹೇಳುವುದು ಕಷ್ಟವಾಗುತ್ತಿರಲಿಲ್ಲ. ಬು ಅವರಿಗೆ ಈ ಕಥೆ ಹೇಳಿದವನು ನಾನೇ. ನನ್ನ ಕಥೆಯೇ ನನ್ನನ್ನು ಹುಡುಕಿಕೊಂಡು ಬರುತ್ತದೆಂದು ಆಗ ತಿಳಿದಿರಲಿಲ್ಲ.

ಸಂಶೋಧನೆಗೆ ನಾನು ಆರಿಸಿಕೊಂಡದ್ದು ಮಕ್ಕಳ ತಾಳ್ಮೆ. ವಿಧಾನ ಹಳೆಯದು, ಹೊರದೇಶದ್ದು: ಮಗುವಿನ ಮುಂದೆ ಒಂದು ಸಿಹಿ ಇಟ್ಟು, ನಾನು ಬರುವ ತನಕ ತಿನ್ನದೆ ಕಾದರೆ ಎರಡು ಕೊಡುತ್ತೇನೆಂದು ಹೇಳಿ ಹೊರಗೆ ಹೋಗುವುದು, ಎಷ್ಟು ನಿಮಿಷ ಕಾಯಿತೆಂದು ಕಿಂಡಿಯಿಂದ ನೋಡಿ ಬರೆದುಕೊಳ್ಳುವುದು. ಹದಿನೈದು ನಿಮಿಷವಾದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಸಿಹಿ ಮಾತ್ರ ನಮ್ಮದು, ಕ್ಲೆಪೊನ್: ತೆಂಗಿನ ತುರಿಯಲ್ಲಿ ಹೊರಳಿಸಿದ ಹಸಿರು ಉಂಡೆ, ಕಚ್ಚಿದರೆ ಒಳಗಿನ ಬೆಲ್ಲ ಬಾಯಲ್ಲಿ ಒಡೆಯುತ್ತದೆ. ದಿನವೂ ಪ್ರಾರ್ಥನೆ ಮಾಡುವ ಮಕ್ಕಳಲ್ಲಿ ತಾಳ್ಮೆ ಹೆಚ್ಚು ಎಂದು ತೋರಿಸುವುದು ನನ್ನ ಆಸೆ. ಆಸೆ ಎಂದೇ ಬರೆಯುತ್ತೇನೆ, ಊಹೆ ಎಂದಲ್ಲ. ನಮ್ಮ ಬೆಟ್ಟದ ಪ್ರಾರ್ಥನಾಮನೆಗೆ ಮಧ್ಯಾಹ್ನ ಓದಲು ಬರುವ ನಲವತ್ತೆಂಟು ಮಕ್ಕಳನ್ನು ನಾನೇ ನೋಡಿದೆ. ಕೆಳಗೆ ಪಟ್ಟಣದ ಬಸ್ ನಿಲ್ದಾಣದ ಪಕ್ಕದ ಶಾಲೆಯ ನಲವತ್ತಾರು ಮಕ್ಕಳನ್ನು ನನ್ನ ಸಹಾಯಕಿ ವೆನಿಂಗ್ ನೋಡಿದಳು. ಅಲ್ಲಿನವರು ಕಂಡಕ್ಟರುಗಳ, ಕೂಲಿಗಳ, ಅನ್ನದಂಗಡಿ ಹೆಂಗಸರ ಮಕ್ಕಳು. ಮಧ್ಯಾಹ್ನ ಓದಿಗೆ ಹೋಗುವ ರೂಢಿ ಅಲ್ಲಿರಲಿಲ್ಲ.

ಪ್ರಾರ್ಥನಾಮನೆಯ ಮಕ್ಕಳು ಸರಾಸರಿ ಹನ್ನೊಂದು ನಿಮಿಷ ಕಾದವು. ನಿಲ್ದಾಣದ ಮಕ್ಕಳು ಎರಡೂವರೆ ನಿಮಿಷವೂ ಕಾಯಲಿಲ್ಲ.

ಅಂದು ನಾನು ನೆಲಕ್ಕೆ ಹಣೆಯಿಟ್ಟು ಕೃತಜ್ಞತೆ ಹೇಳಿದೆ. ಬು ಕರಡನ್ನು ಓದಿ, ನನ್ನನ್ನು ಎಂದಿನಂತೆ ‘ಮಾಸ್’, ಅಂದರೆ ಅಣ್ಣ, ಎಂದು ಕರೆದು ಒಂದೇ ಪ್ರಶ್ನೆ ಕೇಳಿದರು: "ಎರಡು ಕಡೆಗೂ ಬೇರೆ ಬೇರೆಯವರು ಯಾಕಪ್ಪ ಮಾಸ್?" ಬೆಟ್ಟದ ಮಕ್ಕಳು ಹೊರಗಿನವರನ್ನು ಕಂಡರೆ ನಾಚುತ್ತವೆ ಎಂದೆ. ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಮಾಡಿದರು. ಆ ಸ್ವಲ್ಪ ಹೊತ್ತನ್ನು ಅವರು ಮುಂದೆ ಹಲವು ಸಲ ನೆನೆದಿದ್ದಾರೆ.

ಲೇಖನ ಅಚ್ಚಾಯಿತು. ನನಗೆ ವಿಭಾಗದಲ್ಲಿ ತಾತ್ಕಾಲಿಕ ಅಧ್ಯಾಪಕನ ಕೆಲಸ ಸಿಕ್ಕಿತು. ಧರ್ಮಬೋಧಕರು ಶುಕ್ರವಾರದ ಪ್ರವಚನಗಳಲ್ಲಿ ನನ್ನ ಹನ್ನೊಂದು ನಿಮಿಷವನ್ನು ಎತ್ತಿ ಆಡಿದರು. ೨೦೧೪ರಲ್ಲಿ ಒಂದು ಜಿಲ್ಲೆಯ ಶಿಕ್ಷಣ ಕಚೇರಿ, ಹೆಸರು ಬೇಡ, ಒಂದನೆಯ ತರಗತಿಗೆ ಸೇರುವ ಮಕ್ಕಳಿಗೆಲ್ಲ ಈ ಉಂಡೆಯ ಪರೀಕ್ಷೆ ಮಾಡಿ, ಕಾಯದವರ ಚೀಟಿಯಲ್ಲಿ ‘ತಾಳ್ಮೆ ಸಾಲದು’ ಎಂದು ಬರೆದು ಬೇರೆ ತರಗತಿಗೆ ಹಾಕುವ ಯೋಜನೆ ಮಾಡಿತು. ಉದ್ಘಾಟನೆಗೆ ಬು ಅವರನ್ನೂ ನನ್ನನ್ನೂ ಕರೆದರು. ಅದೇ ಹೊತ್ತಿಗೆ ನನ್ನ ಕೆಲಸ ಕಾಯಂ ಆಗುವ ಕಡತ ಮೇಲಿನ ಮೇಜಿಗೆ ಹೋಗಿತ್ತು.

ಆಮಂತ್ರಣ ಬಂದ ದಿನ ಬು ನನ್ನನ್ನು ಕರೆದು ಕೇಳಿದರು: "ಮಾಸ್, ಇದನ್ನ ಇನ್ನೊಬ್ರು ಯಾರಾದ್ರೂ ಮಾಡಿ ನೋಡಿದಾರಾ?"

"ಇಲ್ಲ ಬು. ಆದ್ರೆ ಎಲ್ರೂ ಒಪ್ಕೊಂಡಿದಾರಲ್ಲ."

"ಒಪ್ಕೊಳ್ಳೋದು ಬೇರೆ, ಮಾಡೋದು ಬೇರೆ. ನಿಮ್ಮಜ್ಜಿ ಕಥೇಲಿ ಊರೆಲ್ಲ ಒಪ್ಕೊಂಡಿತ್ತಲ್ಲ. ಉದ್ಘಾಟನೆಗೆ ಮೂರು ತಿಂಗಳಿದೆ. ಎರಡನೇ ಕೊಡ ಸೇದೋಣ."

ನನಗೆ ಅವಮಾನವಾಯಿತೆಂದು ಇಂದು ಬರೆಯಲು ನಾಚಿಕೆಯಿಲ್ಲ. ನಮ್ಮವರ ರೂಢಿಯಂತೆ ನಕ್ಕು, ತಲೆಬಾಗಿ, ಆಗಲಿ ಬು ಎಂದು ಹೊರಬಂದು ಮೂರು ದಿನ ಅನ್ನ ಸೇರದೆ ಇದ್ದೆ.

ಬು ಈ ಸಲ ನನ್ನನ್ನೂ ವೆನಿಂಗಳನ್ನೂ ಮಕ್ಕಳ ಹತ್ತಿರ ಬಿಡಲಿಲ್ಲ. ಹೇಳಬೇಕಾದ ಮಾತನ್ನೆಲ್ಲ ಅಕ್ಷರ ಬಿಡದೆ ಬರೆದು ಕೊಟ್ಟು, ಸುಮಾತ್ರಾದ ಬಾತಾಕ್ ಸೀಮೆಯಿಂದ ಓದಲು ಬಂದಿದ್ದ ತಿಯುರ್ಮಾ ಎಂಬ ವಿದ್ಯಾರ್ಥಿನಿಯನ್ನು ಎರಡು ಕಡೆಗೂ ಕಳಿಸಿದರು. ಗಟ್ಟಿ ದನಿ, ನೇರ ಮಾತು, ಬರೆದದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳದ ಹುಡುಗಿ. ಇನ್ನೂರ ಹನ್ನೆರಡು ಮಕ್ಕಳು. ಫಲಿತಾಂಶದ ಹಾಳೆಯನ್ನು ಅವಳು ನನ್ನ ಮುಂದಿಟ್ಟಾಗ ಬೆಟ್ಟದ ಮಕ್ಕಳದು ಒಂಬತ್ತೂವರೆ ನಿಮಿಷ, ನಿಲ್ದಾಣದ ಮಕ್ಕಳದು ಒಂಬತ್ತು ನಿಮಿಷ ಚಿಲ್ಲರೆ. ಅಂತರವೇ ಇಲ್ಲ.

ನನ್ನ ಸಿಟ್ಟು ನಗುವಿನ ಬೇಲಿ ದಾಟಿತು. "ಮಕ್ಕಳು ನಿನ್ನ ದನಿಗೆ ಹೆದ್ರಿ ಕೂತಿದಾವೆ ಅಷ್ಟೇ. ಅದನ್ನ ತಾಳ್ಮೆ ಅಂತಾರಾ?"

"ನಾನು ಮಾಡಿಸಿದ್ರೆ ಹೆದರಿಕೆ, ನೀವು ಮಾಡಿಸಿದ್ರೆ ಭಕ್ತಿ. ಚೆನ್ನಾಗಿದೆ ಪಾಕ್, ಇದನ್ನೂ ಬರ್ಕೊಳ್ಲಾ?" ಎಂದಳು ತಿಯುರ್ಮಾ, ಹಿರಿಯರಿಗೆ ಸಲ್ಲುವ ‘ಪಾಕ್’ ಎಂಬ ಗೌರವದ ಕರೆಯನ್ನು ಮಾತ್ರ ಬಿಡದೆ.

ಬು ಇಬ್ಬರನ್ನೂ ಬೈಯಲಿಲ್ಲ. ಬೈಯದೆ ಅವರು ಮಾಡಿದ ಕೆಲಸ ಯಾವ ಪಠ್ಯದಲ್ಲೂ ಇಲ್ಲ. ಮದುವೆಯಾಗಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ವೆನಿಂಗಳಿಗೆ ಹೇಳಿಕಳಿಸಿದರು. ಅವಳು ಬರಿಗೈಯಲ್ಲಿ ಬರುವುದುಂಟೇ, ಒಂದು ಬುಟ್ಟಿ ಕ್ಲೆಪೊನ್ ಮಾಡಿಕೊಂಡೇ ಬಂದಳು. ಬು ಮಕ್ಕಳ ಪುಟ್ಟ ಕುರ್ಚಿಯೊಂದನ್ನು ತರಿಸಿ, ಉಟ್ಟ ಬಟ್ಟೆ ಸರಿಮಾಡಿಕೊಂಡು ಅದರ ಮೇಲೆ ಕೂತರು. "ನಾನೀಗ ಆರು ವರ್ಷದ ಮಗು. ಅವತ್ತು ಹೆಂಗೆ ಮಾಡಿದ್ರೋ ಹಂಗೇ ಮಾಡಿ. ಒಬ್ಬೊಬ್ರೇ."

ಮೊದಲು ನಾನು. ತಟ್ಟೆ ಇಟ್ಟೆ, ಮಾತು ಹೇಳಿದೆ, ಹೊರಗೆ ಹೋದೆ. ತಿರುಗಿ ಬಂದಾಗ ಬು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದರು. ಉಂಡೆಯೂ ಹಾಗೇ ಇತ್ತು.

ಆಮೇಲೆ ವೆನಿಂಗ್. ಬಲಗೈಯಲ್ಲಿ ತಟ್ಟೆ, ಎಡಗೈ ಮೊಣಕೈಗೆ ತಾಗಿಸಿ, ಮೈ ಒಂದಿಷ್ಟು ಬಾಗಿಸಿ, ಹಿರಿಯರ ಮುಂದೆ ಇಡಬೇಕಾದಂತೆಯೇ ಇಟ್ಟು, ಮಾತು ಹೇಳಿ ಹೊರಗೆ ಹೋದಳು. ತಿರುಗಿ ಬಂದು ನೋಡುತ್ತಾಳೆ, ತಟ್ಟೆ ಬರಿದು, ಬು ಅವರ ತುಟಿಯ ಮೇಲೆ ತೆಂಗಿನ ತುರಿ.

"ಅಯ್ಯೋ ಬು! ತಿಂದೇಬಿಟ್ರಾ?"

"ನೀನೇ ತಗೋ ಅಂದ್ಯಲ್ಲಮ್ಮ."

"ನಾನೆಲ್ಲಂದೆ? ಮಾಸ್, ನಾನು ಹಂಗಂದ್ನಾ?"

ಇಲ್ಲ ಎಂದೆ. ನಾನು ಕೇಳಿಸಿಕೊಂಡಿರಲಿಲ್ಲ, ದೇವರಾಣೆ. ಮೂಲೆಯಲ್ಲಿ ಕೂತಿದ್ದ ತಿಯುರ್ಮಾ ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ಮೊಂಗ್ಗೊ ಅಂದ್ರಿ ಅಕ್ಕ. ತಟ್ಟೆ ಇಡ್ತಾ. ಬರ್ಕೊಂಡಿದೀನಿ."

ಮೊಂಗ್ಗೊ, ದಯವಿಟ್ಟು ತೆಗೆದುಕೊಳ್ಳಿ. ನಮ್ಮ ಜಾವಾದಲ್ಲಿ ಮುಂದೆ ತಟ್ಟೆ ಇಟ್ಟವರು ಆ ಮಾತು ಹೇಳುವ ತನಕ ಯಾರೂ ತಿನಿಸು ಮುಟ್ಟುವುದಿಲ್ಲ; ಎಷ್ಟೇ ಹಸಿದಿರಲಿ, ಎದುರಿನ ಚಹಾ ಆರಿ ತಣ್ಣಗಾಗಲಿ. ಹಾಗೆಯೇ, ಒಳ್ಳೆಯ ಮನೆಯಲ್ಲಿ ಬೆಳೆದ ಹೆಣ್ಣುಮಗಳಿಗೆ ಆ ಮಾತು ಹೇಳದೆ ಯಾರ ಮುಂದೆಯೂ ತಟ್ಟೆ ಇಡಲು ಬರುವುದಿಲ್ಲ. ಉಸಿರಿನ ಹಾಗೆ ಬರುತ್ತದೆ, ಉಸಿರಿನ ಹಾಗೆಯೇ ಕಿವಿಗೆ ಬೀಳುವುದಿಲ್ಲ. ನಾನು ನಿಯಮ ಬರೆದವನಾದ್ದರಿಂದ ಬಾಯಿ ಬಿಗಿಹಿಡಿದು ತಟ್ಟೆ ಇಟ್ಟಿದ್ದೆ. ಬೆಟ್ಟದ ಮಕ್ಕಳು ಅಪ್ಪಣೆಗಾಗಿ ಕಾದವು. ವೆನಿಂಗ್ ನಲವತ್ತಾರು ಮಕ್ಕಳಿಗೂ ತಗೋ ಎಂದು ಹೇಳಿಯೇ ಹೊರಗೆ ಹೋಗಿದ್ದಳು. ಹಿರಿಯರ ಮಾತು ಕೇಳಿ ಅವು ತಿಂದಿದ್ದವು.

"ಹೇಳದೆ ಇಡು ನೋಡೋಣ" ಎಂದರು ಬು. ವೆನಿಂಗ್ ಮೂರು ಸಲ ಪ್ರಯತ್ನಿಸಿದಳು. ಎರಡು ಸಲ ಬಾಯಿಂದ ಜಾರಿತು, ಮೂರನೆಯ ಸಲ ತುಟಿಯನ್ನು ಕಚ್ಚಿ ಹಿಡಿದಳು, ಆದರೆ ಕೈ ತಾನಾಗಿ ತಟ್ಟೆಯ ಕಡೆ ತೋರಿಸಿತು. ನಗುತ್ತಾ ನಗುತ್ತಾ ಅಳು ಬಂತು ಅವಳಿಗೆ. "ನನ್ನಿಂದ ಹಾಳಾಯ್ತಲ್ಲ ಬು."

"ನಿನ್ನಿಂದಲ್ಲ, ನಿಮ್ಮಮ್ಮ ಚೆನ್ನಾಗಿ ಬೆಳೆಸಿದ್ದರಿಂದ" ಎಂದು ಬು ಅವಳ ಬೆನ್ನು ಸವರಿದರು. "ಮತ್ತೆ ನಿಂಗೆ ಹೆಂಗೆ ಕೇಳಿಸ್ತು ತಿಯುರ್ಮಾ?"

"ಈ ಊರಿಗೆ ಬಂದ ಹೊಸ್ತರಲ್ಲಿ ಆ ಮಾತಿಗೆ ಮುಂಚೆ ತಿಂದು ಮೂರು ಮನೇಲಿ ಮುಖ ಮುರಿಸ್ಕೊಂಡಿದೀನಿ ಬು. ಆಮೇಲಿಂದ ನನ್ನ ಕಿವಿ ಅದಕ್ಕೇ ಕಾಯ್ತಿರತ್ತೆ."

ಬು ಅಷ್ಟಕ್ಕೂ ಬಿಡಲಿಲ್ಲ. ಮತ್ತೆ ಎರಡೂ ಕಡೆ ಹೋಗಿ, ಅರ್ಧ ಮಕ್ಕಳಿಗೆ ಆ ಮಾತು ಹೇಳಿ, ಅರ್ಧ ಮಕ್ಕಳಿಗೆ ಹೇಳದೆ ನೋಡಿಸಿದರು. ಹೇಳಿದಲ್ಲಿ ಬೆಟ್ಟದ ಮಕ್ಕಳೂ ನಿಲ್ದಾಣದ ಮಕ್ಕಳೂ ತಿಂದವು. ಹೇಳದಿದ್ದಲ್ಲಿ ಎರಡೂ ಕಡೆಯವು ಕಾದವು. ನಾನು ಅಳೆದದ್ದು ಮಕ್ಕಳ ತಾಳ್ಮೆಯೂ ಅಲ್ಲ, ಪ್ರಾರ್ಥನೆಯ ಫಲವೂ ಅಲ್ಲ, ದೊಡ್ಡವರ ಒಂದು ಮಾತನ್ನು.

ಉದ್ಘಾಟನೆಗೆ ಆಗ ಹನ್ನೆರಡು ದಿನ ಉಳಿದಿತ್ತು. ನಾನು ಬು ಅವರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಬೇಡಿಕೊಂಡೆ. ಕಾಯಂ ಆದೇಶ ಬರುವ ತನಕ, ಬರೀ ಆರು ತಿಂಗಳು, ಸುಮ್ಮನಿರೋಣ. ಅವರು ಒಳಗೆ ಕರೆದು ಕೂರಿಸಿದರು, ಚಹಾ ಇಟ್ಟರು. ಮೊಂಗ್ಗೊ ಎಂದರು. ಕುಡಿದೆ.

"ಆರು ತಿಂಗ್ಳಲ್ಲಿ ಎಷ್ಟು ಮಕ್ಕಳ ಚೀಟಿ ಬರೀತಾರೆ ಮಾಸ್?"

"ಸಾವಿರದ ಮೇಲೆ."

"ನಿಲ್ದಾಣದ ಶಾಲೆಯವ್ರೇ ಮೊದಲು. ಟೀಚರ್ ತಗೋ ಅಂದ್ರು ಅಂತ ತಗೊಂಡ ಮಗು, ತಾಳ್ಮೆ ಇಲ್ದೋಳು ಅನ್ನೋ ಚೀಟಿ ಹಿಡ್ಕೊಂಡು ಮನೆಗೆ ಹೋಗತ್ತೆ. ಅವಳಮ್ಮ ಅದನ್ನ ಓದ್ತಾಳೆ."

ನಾನು ಕೊನೆಯ ಅಸ್ತ್ರ ತೆಗೆದೆ. ಪ್ರಾರ್ಥನೆಗೆ ಬೆಲೆಯಿಲ್ಲವೆಂದು ನಾವೇ ಸಾರಿದಂತಾಗುವುದಿಲ್ಲವೇ, ಜನ ನಗುವುದಿಲ್ಲವೇ ಎಂದೆ. ಬು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು. ಆಮೇಲೆ ಮೆತ್ತಗೆ ಹೇಳಿದರು: "ಮಕ್ಕಳು ಉಂಡೆ ಮುಂದೆ ಹನ್ನೊಂದು ನಿಮಿಷ ಕೂತ್ರೇನೇ ದೇವ್ರು ದೊಡ್ಡವನಾಗೋದಾ? ನೀನು ದಿನಕ್ಕೆ ಐದು ಸಲ ಅದೇ ಮಾತು ಹೇಳ್ತೀಯ, ಅದೇ ನೆಲಕ್ಕೆ ಹಣೆ ಇಡ್ತೀಯ. ನಿನ್ನೆ ಮಾಡಿದೀನಲ್ಲ ಅಂತ ಯಾವತ್ತಾದ್ರೂ ಬಿಟ್ಟಿದೀಯಾ? ಮತ್ತೆ ಮಾಡೋದು ನಿಂಗೆ ಅವಮಾನ ಆಗಿದ್ದಾದ್ರೂ ಹೆಂಗೆ?"

ಇಂದಿಗೂ ಬೆಳಗಿನ ಪ್ರಾರ್ಥನೆಗೆ ಚಾಪೆ ಹಾಸುವಾಗ ಆ ಪ್ರಶ್ನೆ ನನ್ನ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಪ್ರತಿ ಸಲವೂ ಅದೇ ಮಾತು. ಪ್ರತಿ ಸಲವೂ ಹೇಳುವವನು ನಿಜವಾಗಿ ಅಲ್ಲಿದ್ದಾನೆಯೇ ಎಂಬುದರ ಪರೀಕ್ಷೆ. ಮತ್ತೆ ಮಾಡುವುದು ಅಪನಂಬಿಕೆಯಲ್ಲ, ನಂಬಿಕೆಗೆ ಸಲ್ಲಬೇಕಾದ ಮರ್ಯಾದೆ ಎಂಬುದನ್ನು ನನಗೆ ಗುರುವೊಬ್ಬರು ಚಹಾದ ಲೋಟದ ಮುಂದೆ ಕಲಿಸಬೇಕಾಯಿತು.

ಶಿಕ್ಷಣ ಕಚೇರಿಗೆ ಹೋಗುವಾಗ ನಾನೊಬ್ಬನೇ ಹೋಗುವೆನೆಂದೆ. ಅವರು ಕೇಳಲಿಲ್ಲ. ಅಧಿಕಾರಿಯ ಮುಂದೆ ನಾನು ಬಾಯಿ ತೆರೆಯುವ ಮೊದಲೇ, "ತಪ್ಪು ನಮ್ಮದು. ಮೊದಲ ಸಹಿ ನನ್ನದು, ಹಾಗಾಗಿ ಮೊದಲ ತಪ್ಪೂ ನನ್ನದು. ಕೇಳ್ಬೇಕಾದ ಪ್ರಶ್ನೇನ ಅರ್ಧ ಕೇಳಿ ಬಿಟ್ಟವಳು ನಾನು" ಎಂದರು. ಅಧಿಕಾರಿ ಒಳ್ಳೆಯ ಮನುಷ್ಯ, ಕಂಗಾಲಾದರು. "ಅಲ್ಲ ಬು, ಬ್ಯಾನರೆಲ್ಲ ಪ್ರಿಂಟಾಗಿದೆ..."

"ಹಿಂದ್ಗಡೆ ಬೆಳ್ಳಗಿರತ್ತಲ್ಲ ಪಾಕ್. ಮಕ್ಕಳಿಗೆ ಚಿತ್ರ ಬಿಡಿಸೋಕೆ ಕೊಡಿ."

ಯೋಜನೆ ನಿಂತಿತು. ಬ್ಯಾನರುಗಳನ್ನು ನಿಲ್ದಾಣದ ಶಾಲೆಗೇ ಕೊಟ್ಟರೆಂದು ಆಮೇಲೆ ತಿಳಿಯಿತು. ನನ್ನ ಕಡತ ಮೇಲಿನ ಮೇಜಿನಿಂದ ಕೆಳಗಿಳಿದು ಮತ್ತೆ ಹತ್ತಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನಮ್ಮೂರ ಪ್ರಾರ್ಥನಾಮನೆಯ ಹಿರಿಯರು ನನ್ನನ್ನು ಕಂಡರೆ "ಬಂದ್ರಪ್ಪ ಎರಡೂವರೆ ನಿಮಿಷದ ಪಂಡಿತರು" ಎನ್ನುತ್ತಿದ್ದರು. ನಾನೂ ನಗುವುದನ್ನು ಕಲಿತೆ. ನಮ್ಮ ತಪ್ಪನ್ನು ಕುರಿತ ಹೊಸ ಲೇಖನಕ್ಕೆ ಬು ನಾಲ್ಕು ಹೆಸರು ಹಾಕಿದರು: ನಾನು, ವೆನಿಂಗ್, ತಿಯುರ್ಮಾ, ಕೊನೆಯಲ್ಲಿ ತಾವು. ವೆನಿಂಗಳ ಹೊಲಿಗೆಯಂಗಡಿಯ ಗೋಡೆಯ ಮೇಲೆ ಅದರ ಮೊದಲ ಪುಟ ಕಟ್ಟು ಹಾಕಿಸಿಕೊಂಡು ಇಂದಿಗೂ ಇದೆ. ನನ್ನ ಹಳೆಯ ಲೇಖನವನ್ನು ಯಾರೂ ಉಲ್ಲೇಖಿಸುವುದಿಲ್ಲ. ಹೊಸದನ್ನು ನಮ್ಮಂಥ ಹಲವು ದೇಶಗಳಲ್ಲಿ ಓದುತ್ತಾರೆ. ತಮ್ಮ ಮನೆಯ ಮೊಂಗ್ಗೊ ಯಾವುದು ಎಂದು ಹುಡುಕುತ್ತಾರೆ.

ಆ ವರ್ಷದಿಂದ ವಿಭಾಗದಲ್ಲಿ ಬು ಒಂದು ನಿಯಮ ತಂದರು. ಸ್ವಂತ ಸಂಶೋಧನೆಗೆ ಇಳಿಯುವ ಮೊದಲು ಪ್ರತಿಯೊಬ್ಬರೂ ಬೇರೆಯವರ ಒಂದು ಪ್ರಯೋಗವನ್ನು ಮತ್ತೆ ಮಾಡಿ ನೋಡಬೇಕು. ವಿದ್ಯಾರ್ಥಿಗಳು ಅದನ್ನು ‘ಕಂಡೋರ ತಟ್ಟೆ ತೊಳೆಯೋ ಪರೀಕ್ಷೆ’ ಎಂದು ಹೆಸರಿಟ್ಟು ಗೊಣಗಿದರು. ಬು ಅವರ ಕಿವಿಗೂ ಅದು ಬಿತ್ತು. "ತೊಳೀರಪ್ಪ. ನಾಳೆ ಆ ತಟ್ಟೇಲೇ ನೀವು ಉಣ್ಣೋದು" ಎಂದರು. ಹನ್ನೊಂದು ವರ್ಷದಲ್ಲಿ ನೂರ ಮೂವತ್ತು ಪ್ರಯೋಗಗಳನ್ನು ಹೀಗೆ ಮತ್ತೆ ಮಾಡಿದ್ದಾರೆ. ಅರ್ಧದಷ್ಟು ನಿಂತಿವೆ. ನಿಂತದ್ದನ್ನು ಕಂಡಾಗ ಬು ಮಗುವಿನಂತೆ ಸಂತೋಷಪಡುತ್ತಿದ್ದುದನ್ನು ಹೇಳದಿದ್ದರೆ ಅವರು ಬೇರೆಯವರ ಪ್ರಯೋಗ ಬೀಳಿಸುವುದರಲ್ಲೇ ಖುಷಿಪಡುವವರೆಂದು ಓದುಗರು ತಿಳಿದಾರು. ದೂರದ ದೇಶದ ಯಾರೋ ಅಪರಿಚಿತರ ಪ್ರಯೋಗ ನಮ್ಮಲ್ಲಿ ನಿಂತಾಗ ಅವರಿಗೆ ಕೈಯಾರೆ ಕಾಗದ ಬರೆದು ತಿಳಿಸುತ್ತಿದ್ದರು: ನಿಮ್ಮ ಬಾವಿಯ ನೀರು ಇಲ್ಲಿಯೂ ಸಿಹಿಯಾಗಿದೆ.

ನಿವೃತ್ತಿಗೆ ಏನು ಉಡುಗೊರೆ ಬೇಕೆಂದು ಎರಡು ವರ್ಷದ ಹಿಂದೆ ನಾವು ಕೇಳಿದಾಗ ಅವರು ಬಿಸ್ಕತ್ತಿನ ಡಬ್ಬಿಗಳ ಕಡೆ ಕೈ ತೋರಿಸಿದರು. "ನಂದೂ ಒಂದಿದೆಯಲ್ಲ. ನಾನಿನ್ನೂ ಬದುಕಿರುವಾಗ ಮಾಡಿ ನೋಡಿ. ಸತ್ತ ಮೇಲೆ ಮಾಡಿದ್ರೆ ನೀವು ಮರ್ಯಾದೆಗೆ ಸುಳ್ಳು ಹೇಳ್ತೀರ."

ಹಾಗಾಗಿ ತಿಯುರ್ಮಾ, ಈಗ ಅವಳೂ ಅಧ್ಯಾಪಕಿ, ಆರು ಊರುಗಳ ನೂರ ಎಂಬತ್ತು ಬಾತಿಕ್ ಹೆಂಗಸರನ್ನು ಕಂಡುಬಂದಳು. ಹಳೆಯ ಡಬ್ಬಿಯ ಹಾಳೆಗಳಲ್ಲಿ ಬರೆದದ್ದನ್ನೇ ಹೆಜ್ಜೆ ತಪ್ಪದೆ ಮಾಡಿದಳು. ಗುನುಗಿದರೆ ಮೇಣದ ಹನಿ ತಪ್ಪುವುದು ಕಡಿಮೆಯಾಗುವುದು ನಿಜ. ಆದರೆ ಅರ್ಧದಷ್ಟಲ್ಲ, ಏಳರಲ್ಲಿ ಒಂದು ಪಾಲು ಮಾತ್ರ.

ಇದನ್ನು ಈ ಗ್ರಂಥದಲ್ಲಿ ಅಚ್ಚು ಹಾಕಬೇಕೇ ಎಂದು ಸಮಿತಿಯಲ್ಲಿ ಎರಡು ದಿನ ಚರ್ಚೆಯಾಯಿತು. ಹಿರಿಯರಾದ ಪಾಕ್ ವಿರ್ಯಾವನ್ ಅವರು ನೊಂದುಕೊಂಡೇ ಹೇಳಿದರು: "ಸನ್ಮಾನದ ಪುಸ್ತಕದಲ್ಲಿ ಇದಾ? ಮದುವೆ ಊಟದಲ್ಲಿ ಕಲ್ಲು ಬಡಿಸಿದ ಹಾಗಾಗತ್ತಪ್ಪ."

"ಅವ್ರು ಕಲ್ಲಾರಿಸೋಕೇ ಕೂತವ್ರು ಪಾಕ್" ಎಂದಳು ತಿಯುರ್ಮಾ.

ನಾನು ಕೂಡಲೇ ಒಪ್ಪಿದೆನೆಂದರೆ ಸುಳ್ಳಾಗುತ್ತದೆ. ನನಗೆ ಹೆದರಿಕೆಯಾಗಿತ್ತು. ಆರು ತಿಂಗಳು ಸುಮ್ಮನಿರೋಣ ಎಂದ ಹಳೆಯ ಮನುಷ್ಯ ನನ್ನೊಳಗೆ ಇನ್ನೂ ಬದುಕಿದ್ದ. ಅವನ ನಾಲಿಗೆಯ ಮೇಲೆ ಈಗಲೂ ಅದೇ ಮಾತಿತ್ತು, ಈ ಸಲ ಗುರುಭಕ್ತಿಯ ಸೆರಗು ಹೊದ್ದು ಬಂದಿತ್ತು. ಆದರೆ ನನ್ನ ತಪ್ಪನ್ನು ಹನ್ನೆರಡು ದಿನವೂ ಮುಚ್ಚಿಡಲು ಒಪ್ಪದೆ, ನನ್ನ ಜೊತೆ ಬಂದು ನನಗಿಂತ ಮೊದಲು ತಲೆಬಾಗಿದವರಿಗೆ, ಅವರದ್ದೇ ಸತ್ಯವನ್ನು ಮುಚ್ಚಿ ಶಾಲು ಹೊದಿಸುವುದು ಯಾವ ಸನ್ಮಾನ? ನಾನು ಕೈ ಎತ್ತಿದೆ. ಪಾಕ್ ವಿರ್ಯಾವನ್ ಕೂಡ ಕೊನೆಗೆ ಎತ್ತಿದರು.

ದೇವರು ಬು ನಿಂಗ್ರುಮ್ ಅವರಿಗೆ ನೂರು ತುಂಬುವ ಆಯುಸ್ಸನ್ನೂ, ನೆಟ್ಟಗಿನ ಬೆನ್ನನ್ನೂ, ಮತ್ತೊಬ್ಬರ ಕೊಡವನ್ನು ಮೂಸಿ ನೋಡುವ ಆ ಮೂಗನ್ನೂ ಹೀಗೆಯೇ ಇಟ್ಟಿರಲಿ. ಅವರ ಅಂಗಳದಲ್ಲಿ ಇನ್ನೂ ಹಲವು ವಿದ್ಯಾರ್ಥಿಗಳು ಗಂಜಿಗಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿ. ಕಪಾಟಿನಲ್ಲಿ ಇನ್ನೂ ಎಂಟು ಡಬ್ಬಿಗಳಿವೆ. ಅವನ್ನು ಮನೆಗೆ ಒಯ್ಯುತ್ತಾರೆಂದು ಕೇಳಿದ್ದೇವೆ. ಕೆಲಸ ಮುಗಿದಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಬು, ನಿಮ್ಮ ಕೊಡದಲ್ಲೂ ಒಂದಿಷ್ಟು ಬೆಲ್ಲವಿತ್ತು. ಆದರೆ ಬಾವಿ ಸಪ್ಪೆಯಲ್ಲ. ನೂರ ಎಂಬತ್ತು ಹೆಂಗಸರ ಕೊಡದಲ್ಲಿ ಸೇದಿ ನೋಡಿದ್ದೇವೆ. ತಿಯುರ್ಮಾ ಬರೆದ ಲೇಖನ ಇದರ ಮುಂದಿನ ಪುಟದಿಂದ ಆರಂಭವಾಗುತ್ತದೆ. ಈ ಪುಸ್ತಕ ಕೈಗೆ ಬಂದಾಗ ನೀವು ಹೇಗೆ ಕೂತಿರುತ್ತೀರೆಂದು ನನಗೆ ಗೊತ್ತು, ಆ ಪುಟ್ಟ ಕುರ್ಚಿಯ ಮೇಲೆ ಕೂತಿದ್ದ ಹಾಗೆಯೇ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಅಂದು ತಟ್ಟೆ ಇಟ್ಟು ಬಾಯಿ ಬಿಗಿಹಿಡಿದು ಹೊರಗೆ ಹೋದವನು ನಾನು. ಇಂದು ಬಲಗೈಯಲ್ಲಿ ಇಟ್ಟು, ಮೈ ಬಾಗಿಸಿ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೇನೆ.

ಮೊಂಗ್ಗೊ, ಬು.